ಬೆಸುಗೆಯ ಕಡ್ಡಿಯ ಅನ್ವರ್ಥನಾಮ

ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆಯಾಗಿ ವಿಂಗಡಿಸುವ ಕ್ರಮವು ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ಪರಿಚಿತವಾದುದೇ. ಹೊಳೆ, ಮರ, ಊರು ಎಂಬುವು ರೂಢಿಯಿಂದ ಬಂದ ಹೆಸರುಗಳು. ಕಾವೇರಿ, ಬಸವಣ್ಣ ಎಂಬುವು ಗುರುತಿಗಾಗಿ ಇಟ್ಟ ಹೆಸರುಗಳು. ಕುಂಬಾರ, ವೈದ್ಯ, ಜಾಣ ಎಂಬುವು ವೃತ್ತಿ ಗುಣಗಳಿಗೆ ಅನುಗುಣವಾಗಿ, ಅರ್ಥವನ್ನು ಅನುಸರಿಸಿ ಬಂದ ಹೆಸರುಗಳು. ಹನ್ನೆರಡನೆಯ ಶತಮಾನದ ಶರಣರಲ್ಲಿ ಅನೇಕರ ಹೆಸರುಗಳಲ್ಲಿ ಈ ಕೊನೆಯ ಎರಡೂ ಕೂಡಿ ಬಂದಿರುವುದನ್ನು ಕಾಣಬಹುದು. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ ಎಂಬಲ್ಲಿ ಉತ್ತರಾರ್ಧವು ವ್ಯಕ್ತಿಯನ್ನು ಹೇಳಿದರೆ ಪೂರ್ವಾರ್ಧವು ಆತನ ಕಾಯಕವನ್ನು ಹೇಳುತ್ತದೆ. ಕಾಯಕ ತಪ್ಪಿದರೆ ಅಂಥ ಹೆಸರಿನ ಅರ್ಧ ಭಾಗವೇ ಸುಳ್ಳಾಗುತ್ತದೆ. ಅನ್ವರ್ಥನಾಮದ ಹಿರಿಮೆಯೂ ಅದೇ, ಹೊಣೆಯೂ ಅದೇ.

ನಮ್ಮ ಕೃಷ್ಣರಾಜಪುರದ ಪರಿಸರದಲ್ಲಿ ಕಾಯಕದಿಂದ ಬಂದ ಹೆಸರುಗಳಿಗೆ ಕೊರತೆಯಿಲ್ಲ. ೧೯೪೮ರಲ್ಲಿ ಭಾರತೀಯ ದೂರವಾಣಿ ಕಾರ್ಖಾನೆಯು ಇಲ್ಲಿ ಸ್ಥಾಪಿತವಾದುದರಿಂದ ಅದರ ಸುತ್ತಣ ನೆಲೆ ದೂರವಾಣಿನಗರವಾಯಿತು. ಹಳೆಯ ಮದರಾಸು ರಸ್ತೆಯ ಟಿನ್ ಫ್ಯಾಕ್ಟರಿ ಎಂಬ ಹೆಸರು ಹಿಂದಣ ಕಾರ್ಖಾನೆಯೊಂದರ ನೆನಪನ್ನು ಹೊತ್ತು ನಿಂತಿದೆ. ರೈಲ್ವೆಯ ಲೋಕೋ ಷೆಡ್ಡು, ಮಹದೇವಪುರದ ಕೈಗಾರಿಕಾ ಪ್ರದೇಶ, ತಿಪ್ಪಸಂದ್ರದ ಬಳಿ ರೈಲು ಹಾಗೂ ಮೆಟ್ರೋ ಬೋಗಿಗಳನ್ನು ನಿರ್ಮಿಸುವ, ೧೯೬೪ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್., ರಸ್ತೆಯ ಇಕ್ಕೆಲಗಳಲ್ಲಿ ಗೇಟು ಗ್ರಿಲ್ಲು ಮಾಡುವ ಸಣ್ಣ ಅಂಗಡಿಗಳು, ಇವೆಲ್ಲವೂ ಒಂದು ಕೆಲಸವನ್ನು ಆಶ್ರಯಿಸಿವೆ. ಅದು ಲೋಹವನ್ನು ಲೋಹಕ್ಕೆ ಬೆಸೆಯುವ ಕೆಲಸ. ಆ ಕೆಲಸದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸಾಮಗ್ರಿಗೆ ಅಂಗಡಿಯವರು ‘ರಾಡ್’ ಅಥವಾ ‘ಕಡ್ಡಿ’ ಎನ್ನುತ್ತಾರೆ. ಇದು ರೂಢನಾಮ. ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚಾಗಿರುವ ತಯಾರಕರ ಹೆಸರು ಅಂಕಿತನಾಮ. ಅದರ ಕೆಳಗೆ ಸಣ್ಣದಾಗಿ ‘ಇ ಆರ್ ೪೨೧೧’ ಎಂಬಂಥ ಅಕ್ಷರಗಳೂ ಅಂಕೆಗಳೂ ಇರುತ್ತವೆ. ಕೊಳ್ಳುವವರಲ್ಲಿ ಹೆಚ್ಚಿನವರು ಓದದೆ ಬಿಡುವ ಆ ಸಾಲೇ ಕಡ್ಡಿಯ ಅನ್ವರ್ಥನಾಮ.

ಭಾಷೆಯ ಪಾಠ ಹೇಳುವವನಿಗೆ ಈ ವಿಷಯದಲ್ಲಿ ಏನು ಅಧಿಕಾರ ಎಂದು ಯಾರಾದರೂ ಕೇಳಬಹುದು. ಲೋಹವಿದ್ಯೆಯಲ್ಲಿ ನಮಗೆ ಅಧಿಕಾರವಿಲ್ಲ, ನಿಜ. ಆದರೆ ಹೆಸರನ್ನು ಬಿಡಿಸಿ ಅದರ ಅರ್ಥವನ್ನು ತಿಳಿಸುವುದು ನಮ್ಮ ವೃತ್ತಿ. ಆ ಹಕ್ಕಿನಿಂದಲೇ ಈ ನಾಮವಿಚಾರವನ್ನು ವಾಚಕರ ಮುಂದಿಡುತ್ತಿದ್ದೇವೆ.

ಕಡ್ಡಿಯ ಸ್ವರೂಪ

ವಿದ್ಯುಚ್ಚಾಪದ ಬೆಸುಗೆಯಲ್ಲಿ ಕಡ್ಡಿಯ ತುದಿಗೂ ಕೆಲಸದ ಲೋಹಕ್ಕೂ ನಡುವೆ ಕಣ್ಣು ಕೋರೈಸುವ ಜ್ವಾಲೆ ಹುಟ್ಟುತ್ತದೆ. ಉಕ್ಕು ಕರಗಲು ಸುಮಾರು ೧,೫೦೦ ಸೆಲ್ಸಿಯಸ್ ಡಿಗ್ರಿಗಳ ಶಾಖ ಬೇಕು. ಚಾಪದ ಶಾಖ ಅದಕ್ಕಿಂತ ಎಷ್ಟೋ ಹೆಚ್ಚಿನದು. ಆ ಶಾಖದಲ್ಲಿ ಕಡ್ಡಿಯೂ ಕರಗಿ, ಎರಡು ಅಂಚುಗಳ ನಡುವೆ ಸೇರಿ, ಆರಿದ ಮೇಲೆ ಮೂರೂ ಒಂದಾಗುತ್ತವೆ. ಹೀಗೆ ಬೆಸುಗೆಯಲ್ಲಿ ತಾನೇ ಸವೆದುಹೋಗುವ ಕಡ್ಡಿ, ತಂತಿ, ಫ್ಲಕ್ಸ್ ಪುಡಿ ಮುಂತಾದುವನ್ನು ಒಟ್ಟಾಗಿ ವ್ಯಯಸಾಮಗ್ರಿಗಳೆಂದು ಕರೆಯಬಹುದು.

೧೮೮೧ರಲ್ಲಿ ಬೆನಾರ್ದೋಸ್ ಎಂಬಾತನು ಇಂಗಾಲದ ಕಡ್ಡಿಯಿಂದ ಚಾಪವನ್ನು ಹೊತ್ತಿಸಿದನು. ೧೮೮೮ರಲ್ಲಿ ಸ್ಲಾವ್ಯಾನೊವ್ ಎಂಬಾತನು ಇಂಗಾಲದ ಬದಲು ಲೋಹದ ಕಡ್ಡಿಯನ್ನೇ ಬಳಸಿದನು. ಈ ಬರಿಯ ಕಡ್ಡಿಯಿಂದ ಒಂದು ತೊಂದರೆ ಉಂಟಾಯಿತು. ಕರಗಿದ ಉಕ್ಕು ಗಾಳಿಯಲ್ಲಿನ ಆಮ್ಲಜನಕ ಸಾರಜನಕಗಳನ್ನು ಹೀರಿಕೊಂಡು ರಂಧ್ರಮಯವೂ ಬಿರುಸೂ ಆಗುತ್ತಿತ್ತು. ಸ್ವೀಡನ್ನಿನ ಆಸ್ಕರ್ ಷೆಲ್‌ಬರ್ಗ್ ಎಂಬಾತನು ಕಡ್ಡಿಗೆ ಖನಿಜಗಳ ಲೇಪವನ್ನು ಹಚ್ಚಿ ಇದಕ್ಕೆ ಪರಿಹಾರವನ್ನು ಕಂಡುಕೊಂಡನು. ಆತನು ೧೯೦೪ರಲ್ಲಿ ಸ್ಥಾಪಿಸಿದ ಎಸಾಬ್ ಸಂಸ್ಥೆಯು ಇಂದಿಗೂ ಇದೇ ವ್ಯವಹಾರದಲ್ಲಿದೆ.

ಲೇಪದ ತತ್ತ್ವವು ನಮ್ಮ ಅಕ್ಕಸಾಲಿಗರಿಗೆ ಹೊಸದಲ್ಲ. ಚಿನ್ನದ ಒಡವೆಗೆ ಬೆಸುಗೆ ಹಾಕುವಾಗ ಅವರು ಬಿಳಿಗಾರವನ್ನು ಹಚ್ಚುತ್ತಾರೆ. ಬಿಳಿಗಾರವು ಶಾಖಕ್ಕೆ ಗಾಜಿನಂತೆ ಕರಗಿ, ಲೋಹದ ಮೇಲಣ ಕೊಳೆಯನ್ನು ತನ್ನಲ್ಲಿ ಕರಗಿಸಿಕೊಂಡು, ಬೆಸುಗೆಯು ಸಲೀಸಾಗಿ ಹರಿಯುವಂತೆ ಮಾಡುತ್ತದೆ. ‘ಫ್ಲಕ್ಸ್’ ಎಂಬ ಮಾತಿಗೆ ಲ್ಯಾಟಿನ್ ಮೂಲದಲ್ಲಿ ಹರಿವು ಎಂಬುದೇ ಅರ್ಥ. ಆದ್ದರಿಂದ ಅದೂ ಒಂದು ಅನ್ವರ್ಥನಾಮವೇ.

ಕಡ್ಡಿಯ ಲೇಪವು ನಾಲ್ಕು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದಾಗಿ, ಉರಿದು ಅನಿಲವಾಗಿ ಚಾಪದ ಸುತ್ತ ಕವಿದು ಗಾಳಿಯನ್ನು ದೂರವಿಡುತ್ತದೆ. ಎರಡನೆಯದಾಗಿ, ಕರಗಿ ಕಿಟ್ಟವಾಗಿ ಲೋಹದ ಮೇಲೆ ಹೊದಿಕೆಯಾಗುತ್ತದೆ, ಕಲ್ಮಷವನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಮೂರನೆಯದಾಗಿ, ಚಾಪವು ನಡುವೆ ಆರದಂತೆ ಸ್ಥಿರವಾಗಿಡುತ್ತದೆ. ನಾಲ್ಕನೆಯದಾಗಿ, ಮ್ಯಾಂಗನೀಸು, ಸಿಲಿಕಾನ್ ಮುಂತಾದುವನ್ನು ಲೋಹಕ್ಕೆ ಸೇರಿಸಿ ಅದರ ಗುಣವನ್ನು ತಿದ್ದುತ್ತದೆ. ಲೇಪಕ್ಕೆ ಬೇಕಾದ ದ್ರವ್ಯಗಳಲ್ಲಿ ಹಲವು ನಮ್ಮ ನೆಲದಲ್ಲಿಯೂ ನೆರೆಯಲ್ಲಿಯೂ ದೊರೆಯುತ್ತವೆ. ಮ್ಯಾಂಗನೀಸಿಗೆ ಬಳ್ಳಾರಿ ಸೀಮೆಯ ಸಂಡೂರು ಹೆಸರಾದುದು. ಸುಣ್ಣಕಲ್ಲು ಕಲಬುರಗಿ, ಬಾಗಲಕೋಟೆಗಳ ಕಡೆ ಹೇರಳ. ರೂಟೈಲ್ ಎಂಬ ಖನಿಜವು ಕೇರಳದ ಚವರ ತೀರದ ಮರಳಿನಲ್ಲಿದೆ.

ಲೇಪದ ನಾಲ್ಕು ವರ್ಗಗಳು

ಲೇಪದಲ್ಲಿ ಯಾವ ದ್ರವ್ಯ ಪ್ರಧಾನವೋ ಅದನ್ನು ಅನುಸರಿಸಿ ಕಡ್ಡಿಗಳನ್ನು ಮುಖ್ಯವಾಗಿ ನಾಲ್ಕು ವರ್ಗಗಳಾಗಿ ಮಾಡಿದ್ದಾರೆ.

ರೂಟೈಲ್ ವರ್ಗದಲ್ಲಿ ಟೈಟಾನಿಯಂ ಡೈಆಕ್ಸೈಡ್ ಪ್ರಧಾನ. ಈ ಕಡ್ಡಿ ಮುಟ್ಟಿಸಿದೊಡನೆ ಹೊತ್ತಿಕೊಳ್ಳುತ್ತದೆ. ಕಿಟ್ಟವು ಸುಲಭವಾಗಿ ಕಳಚುತ್ತದೆ. ಬೆಸುಗೆಯ ಸಾಲು ನಯವಾಗಿ ಕಾಣುತ್ತದೆ. ಗೇಟು, ಗ್ರಿಲ್ಲು, ತೆಳು ತಗಡಿನ ಕೆಲಸಗಳಿಗೆ ಇದು ಒಪ್ಪುತ್ತದೆ. ಕಲಿಯುವವನ ಕೈಗೆ ಮೊದಲು ಬರುವುದೂ ಇದೇ.

ಪ್ರತ್ಯಾಮ್ಲೀಯ ವರ್ಗದಲ್ಲಿ ಸುಣ್ಣಕಲ್ಲೂ ಫ್ಲೋರ್‌ಸ್ಪಾರ್ ಎಂಬ ಖನಿಜವೂ ಪ್ರಧಾನ. ಇದರ ಬಳಕೆಗೆ ಕೈ ಪಳಗಿರಬೇಕು. ಆದರೆ ಇದರಿಂದಾದ ಬೆಸುಗೆಯು ಗಟ್ಟಿಯಾಗಿದ್ದೂ ಬಿರುಸಾಗಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದರೊಳಗೆ ಜಲಜನಕದ ಅಂಶ ಅತ್ಯಲ್ಪ. ದಪ್ಪ ಹಲಗೆಗಳು, ಸೇತುವೆಯ ತೊಲೆಗಳು, ಒತ್ತಡದ ಪಾತ್ರೆಗಳು ಇದರ ಕ್ಷೇತ್ರ.

ಸೆಲ್ಯುಲೋಸ್ ವರ್ಗದ ಲೇಪದಲ್ಲಿ ಮರದ ನಾರಿನ ಅಂಶವಿರುತ್ತದೆ. ಅದು ಉರಿದು ಹೇರಳವಾಗಿ ಅನಿಲವನ್ನು ಬಿಡುತ್ತದೆ. ಚಾಪವು ಲೋಹದೊಳಕ್ಕೆ ಆಳವಾಗಿ ಇಳಿಯುತ್ತದೆ. ಎಣ್ಣೆ ಅನಿಲಗಳ ಕೊಳವೆಮಾರ್ಗಗಳನ್ನು ಬೆಸೆಯಲು ಇದನ್ನು ವಿಶೇಷವಾಗಿ ಬಳಸುತ್ತಾರೆ.

ಆಮ್ಲೀಯ ವರ್ಗದಲ್ಲಿ ಕಬ್ಬಿಣ ಮ್ಯಾಂಗನೀಸುಗಳ ಆಕ್ಸೈಡುಗಳೂ ಸಿಲಿಕೇಟುಗಳೂ ಪ್ರಧಾನ. ಹಿಂದೆ ಹೆಚ್ಚು ಪ್ರಚಾರದಲ್ಲಿದ್ದ ಈ ವರ್ಗವು ಈಗ ವಿರಳವಾಗಿದೆ.

ಹೆಸರಿನ ಪದಚ್ಛೇದ

ನಮ್ಮ ದೇಶದಲ್ಲಿ ಇಂಥ ಹೆಸರುಗಳಿಗೆ ನಿಯಮ ಮಾಡುವ ಸಂಸ್ಥೆಯು ೧೯೪೭ರಲ್ಲಿ ಭಾರತೀಯ ಮಾನಕ ಸಂಸ್ಥೆಯೆಂದು ಆರಂಭವಾಗಿ, ೧೯೮೭ರಿಂದ ಭಾರತೀಯ ಮಾನಕ ಬ್ಯೂರೋ ಆಗಿದೆ. ಸಾಧಾರಣ ಉಕ್ಕನ್ನು ಕೈಯಿಂದ ಬೆಸೆಯುವ ಲೇಪಿತ ಕಡ್ಡಿಗಳಿಗೆ ಅದರ ‘ಐ.ಎಸ್. ೮೧೪’ ಎಂಬ ಮಾನಕವು ೧೯೯೧ರಲ್ಲಿಯೂ ೨೦೦೪ರಲ್ಲಿಯೂ ಪರಿಷ್ಕೃತವಾಗಿದೆ. ಅದರಂತೆ ‘ಇ ಆರ್ ೪೨೧೧’ ಎಂಬುದನ್ನು ಬಿಡಿಸಿ ನೋಡೋಣ.

‘ಇ’ ಎಂಬುದು ಎಲೆಕ್ಟ್ರೋಡಿನ ಮೊದಲಕ್ಷರ. ಪ್ರಕೃತಿ ಪ್ರತ್ಯಯಗಳ ಪರಿಭಾಷೆಯಲ್ಲಿ ಹೇಳುವುದಾದರೆ ಇದೇ ಪ್ರಕೃತಿ. ‘ಆರ್’ ಎಂಬುದು ರೂಟೈಲ್ ಲೇಪವನ್ನು ಸೂಚಿಸುತ್ತದೆ. ಇದರ ಸ್ಥಾನದಲ್ಲಿ ‘ಬಿ’ ಇದ್ದರೆ ಪ್ರತ್ಯಾಮ್ಲೀಯ, ‘ಸಿ’ ಇದ್ದರೆ ಸೆಲ್ಯುಲೋಸ್, ‘ಎ’ ಇದ್ದರೆ ಆಮ್ಲೀಯ. ‘ಆರ್’ ಎರಡು ಸಲ ಬಂದರೆ ದಪ್ಪ ಲೇಪದ ರೂಟೈಲ್.

ಮೊದಲನೆಯ ಅಂಕೆ ಬಲವನ್ನು ಹೇಳುತ್ತದೆ. ೪ ಎಂದರೆ ಬೆಸುಗೆಯ ಲೋಹವು ೪೧೦ರಿಂದ ೫೧೦ ಮೆಗಾಪಾಸ್ಕಲ್‌ವರೆಗಿನ ಎಳೆತವನ್ನು ತಾಳಬಲ್ಲುದು. ೫ ಎಂದರೆ ೫೧೦ರಿಂದ ೬೧೦. ಎರಡನೆಯ ಅಂಕೆ ಲೋಹದ ಸಹನೆಯನ್ನು ಹೇಳುತ್ತದೆ. ಮುರಿಯುವ ಮುನ್ನ ಅದು ಎಷ್ಟು ಹಿಗ್ಗಬಲ್ಲುದು, ತಣ್ಣಗಿರುವಾಗ ಹಠಾತ್ತಾದ ಪೆಟ್ಟನ್ನು ಎಷ್ಟು ಸಹಿಸಬಲ್ಲುದು ಎಂಬುದು ಇದರಿಂದ ತಿಳಿಯುತ್ತದೆ. ಸೊನ್ನೆಯೆಂದರೆ ಇಂಥ ಭರವಸೆ ಯಾವುದೂ ಇಲ್ಲ. ಅಂಕೆ ಏರಿದಂತೆಲ್ಲ ಇನ್ನಷ್ಟು ಶೀತದಲ್ಲಿ ಪರೀಕ್ಷೆ ನಡೆದಿದೆಯೆಂದು ಅರ್ಥ.

ಮೂರನೆಯ ಅಂಕೆ ಬೆಸೆಯುವ ಭಂಗಿಯನ್ನು ಹೇಳುತ್ತದೆ. ೧ ಇದ್ದರೆ ನೆಲದ ಮೇಲೆ, ಗೋಡೆಯಂತೆ ನಿಂತದ್ದರ ಮೇಲೆ, ತಲೆಯ ಮೇಲ್ಗಡೆ, ಎಲ್ಲ ಭಂಗಿಗಳಲ್ಲೂ ಬಳಸಬಹುದು. ೨ ಇದ್ದರೆ ಮೇಲಿನಿಂದ ಕೆಳಕ್ಕೆ ಇಳಿಸುತ್ತ ಬೆಸೆಯುವುದೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಸಲ್ಲುತ್ತದೆ. ನಾಲ್ಕನೆಯ ಅಂಕೆ ವಿದ್ಯುತ್ತಿನ ವಿಧವನ್ನು ಹೇಳುತ್ತದೆ: ನೇರ ವಿದ್ಯುತ್ತೋ ಪರ್ಯಾಯ ವಿದ್ಯುತ್ತೋ, ಕಡ್ಡಿಯನ್ನು ಯಾವ ಧ್ರುವಕ್ಕೆ ಕೂಡಿಸಬೇಕು, ಯಂತ್ರಕ್ಕೆ ಎಷ್ಟು ವೋಲ್ಟ್ ಇರಬೇಕು ಇತ್ಯಾದಿ.

ಇಷ್ಟು ತಿಳಿದವರು ‘ಇ ಬಿ ೫೪೨೬ ಎಚ್೩’ ಎಂಬ ಹೆಸರನ್ನು ತಾವೇ ಓದಬಲ್ಲರು. ಪ್ರತ್ಯಾಮ್ಲೀಯ ಲೇಪ, ಹೆಚ್ಚಿನ ಬಲ, ಶೀತದಲ್ಲೂ ಸಹನೆ, ಕೆಳಕ್ಕೆ ಇಳಿಸುವ ಭಂಗಿಯೊಂದನ್ನು ಬಿಟ್ಟು ಉಳಿದವು. ಕೊನೆಯ ‘ಎಚ್೩’ ಎಂಬ ಪ್ರತ್ಯಯವು ನೂರು ಗ್ರಾಂ ಬೆಸುಗೆಯ ಲೋಹದಲ್ಲಿ ಜಲಜನಕವು ೫ ಮಿಲಿಲೀಟರನ್ನು ಮೀರದೆಂದು ಹೇಳುತ್ತದೆ. ‘ಎಚ್೨’ ಆದರೆ ೧೦, ‘ಎಚ್೧’ ಆದರೆ ೧೫. ಮುಂದೆ ‘ಎಕ್ಸ್’ ಇದ್ದರೆ ಬೆಸುಗೆಯು ಕ್ಷಕಿರಣದ ಪರೀಕ್ಷೆಗೆ ನಿಲ್ಲುವ ಗುಣಮಟ್ಟದ್ದು.

ಅಮೆರಿಕದ ಬೆಸುಗೆ ಸಂಘದ ಕ್ರಮವೂ ನಮ್ಮ ಅಂಗಡಿಗಳಲ್ಲಿ ಬಳಕೆಯಲ್ಲಿದೆ. ‘ಇ ೬೦೧೩’, ‘ಇ ೭೦೧೮’ ಎಂಬಲ್ಲಿ ಮೊದಲೆರಡು ಅಂಕೆಗಳು ಬಲವನ್ನು ಸಾವಿರ ಪೌಂಡುಗಳ ಲೆಕ್ಕದಲ್ಲಿ, ಒಂದು ಚದರ ಅಂಗುಲಕ್ಕೆ ಇಷ್ಟು ಎಂದು ಹೇಳುತ್ತವೆ. ಮೂರನೆಯದು ಭಂಗಿ. ಕೊನೆಯದನ್ನು ಅದರ ಹಿಂದಿನದರೊಡನೆ ಕೂಡಿಸಿ ಓದಿದರೆ ಲೇಪವೂ ವಿದ್ಯುತ್ತೂ ತಿಳಿಯುತ್ತವೆ. ೬೦೧೩ ಎಂಬುದು ನಮ್ಮ ರೂಟೈಲ್ ಕಡ್ಡಿಗೂ ೭೦೧೮ ಎಂಬುದು ಪ್ರತ್ಯಾಮ್ಲೀಯ ಕಡ್ಡಿಗೂ ಸಮೀಪವಾದುವು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಒಂದೇ ಶಬ್ದಕ್ಕೆ ನಾನಾರ್ಥಗಳಿರುವಂತೆ ಇಲ್ಲಿಯೂ ಇವೆ. ಅಮೆರಿಕದ ಕ್ರಮದಲ್ಲಿ ‘ಇ ಆರ್ ೭೦ ಎಸ್-೬’ ಎಂಬ ಹೆಸರಿದೆ. ಅದು ಲೇಪವೇ ಇಲ್ಲದ, ಅನಿಲದ ಆವರಣದಲ್ಲಿ ಬಳಸುವ ತಂತಿ. ಅಲ್ಲಿಯ ‘ಆರ್’ ರೂಟೈಲ್ ಅಲ್ಲ, ರಾಡ್. ಹಾಗೆಯೇ ತುಕ್ಕು ಹಿಡಿಯದ ಉಕ್ಕಿನ ಕಡ್ಡಿಗೆ ‘ಇ ೩೦೮ ಎಲ್’ ಎಂದು ಹೆಸರಿದ್ದರೆ ೩೦೮ ಎಂಬುದು ಬಲವಲ್ಲ, ಮಿಶ್ರಲೋಹದ ಜಾತಿ. ‘ಎಲ್’ ಎಂದರೆ ಇಂಗಾಲ ಕಡಿಮೆಯೆಂದು ಅರ್ಥ. ಯಾವ ವ್ಯಾಕರಣಕ್ಕೆ ಸೇರಿದ ಪದವೆಂದು ತಿಳಿಯದೆ ಅರ್ಥ ಹೇಳಹೊರಟವನು ಅಪಾರ್ಥಕ್ಕೆ ಗುರಿಯಾಗುತ್ತಾನೆ.

ಫ್ಲಕ್ಸ್ ಎಂಬ ಸಮಾಸ

ದೊಡ್ಡ ತೊಲೆಗಳು, ದಪ್ಪ ಹಲಗೆಗಳು ಮುಂತಾದುವನ್ನು ಉದ್ದಕ್ಕೂ ಬೆಸೆಯುವಾಗ ಕೈಗಡ್ಡಿಯ ಬದಲು ಯಂತ್ರವು ಬರಿಯ ತಂತಿಯನ್ನು ನಿರಂತರವಾಗಿ ಊಡುತ್ತದೆ. ಅದರ ಮುಂದೆ ಕಾಳುಕಾಳಾದ ಫ್ಲಕ್ಸ್ ಸುರಿಯುತ್ತಿರುತ್ತದೆ. ಚಾಪವು ಈ ಪುಡಿಯ ಒಳಗೇ ಮುಳುಗಿ ಉರಿಯುವುದರಿಂದ ಹೊರಗೆ ಜ್ವಾಲೆಯೇ ಕಾಣುವುದಿಲ್ಲ.

ಈ ಫ್ಲಕ್ಸನ್ನು ತಯಾರಿಕೆಯ ದೃಷ್ಟಿಯಿಂದ ಎರಡಾಗಿ ವಿಂಗಡಿಸುತ್ತಾರೆ. ಖನಿಜಗಳನ್ನು ಕುಲುಮೆಯಲ್ಲಿ ಕರಗಿಸಿ, ಗಾಜಿನಂತಾದುದನ್ನು ಒಡೆದು ಪುಡಿ ಮಾಡಿದುದು ಒಂದು. ಇದು ತೇವವನ್ನು ಸುಲಭವಾಗಿ ಹೀರುವುದಿಲ್ಲ. ಪುಡಿಗಳನ್ನು ಸಿಲಿಕೇಟಿನ ಅಂಟಿನಿಂದ ಉಂಡೆಗೂಡಿಸಿ ಒಣಗಿಸಿದುದು ಇನ್ನೊಂದು. ಕರಗಿಸದೆ ಮಾಡಿದುದರಿಂದ ಇದರೊಳಗೆ ಲೋಹವನ್ನು ಶುದ್ಧಿಗೊಳಿಸುವ ದ್ರವ್ಯಗಳನ್ನು ಬೇಕಾದಂತೆ ಸೇರಿಸಬಹುದು. ಆದರೆ ಇದು ತೇವಕ್ಕೆ ಬೇಗ ಒಳಗಾಗುತ್ತದೆ. ಗುಣದ ದೃಷ್ಟಿಯಿಂದ ಆಮ್ಲೀಯ, ತಟಸ್ಥ, ಪ್ರತ್ಯಾಮ್ಲೀಯ ಎಂದು ಮತ್ತೊಂದು ವಿಂಗಡಣೆ ಉಂಟು. ಸುಣ್ಣ ಮೆಗ್ನೀಷಿಯಾದಿಗಳ ಮೊತ್ತವನ್ನು ಸಿಲಿಕಾದಿಗಳ ಮೊತ್ತಕ್ಕೆ ಹೋಲಿಸಿ, ಬಂದ ಪ್ರಮಾಣವು ೧ಕ್ಕಿಂತ ಕಡಿಮೆಯಿದ್ದರೆ ಆಮ್ಲೀಯವೆಂದೂ ೧.೫ನ್ನು ಮೀರಿದರೆ ಪ್ರತ್ಯಾಮ್ಲೀಯವೆಂದೂ ಸಾಮಾನ್ಯವಾಗಿ ಹೇಳುತ್ತಾರೆ.

ಫ್ಲಕ್ಸಿನ ಹೆಸರಿನಲ್ಲಿ ಒಂದು ವಿಶೇಷವಿದೆ. ಅಮೆರಿಕದ ಕ್ರಮದಲ್ಲಿ ‘ಎಫ್ ೭ ಎ ೨ - ಇ ಎಂ ೧೨ ಕೆ’ ಎಂಬುದು ಒಂದು ಹೆಸರು. ಎಫ್ ಎಂಬುದು ಫ್ಲಕ್ಸ್. ೭ ಎಂಬುದು ಬಲ. ಎ ಎಂದರೆ ಬೆಸೆದ ಮೇಲೆ ಮತ್ತೆ ಕಾಯಿಸದೆ ಪರೀಕ್ಷಿಸಿದುದು. ೨ ಎಂಬುದು ಪೆಟ್ಟಿನ ಪರೀಕ್ಷೆ ನಡೆದ ಶೀತ. ಗೆರೆಯ ಆಚೆಗಿನದು ತಂತಿಯ ಹೆಸರು: ಮಧ್ಯಮ ಪ್ರಮಾಣದ ಮ್ಯಾಂಗನೀಸು, ಶೇಕಡಾ ೦.೧೨ರ ಸುಮಾರಿನ ಇಂಗಾಲ. ಇಲ್ಲಿ ಬಲವಾಗಲಿ ಸಹನೆಯಾಗಲಿ ಫ್ಲಕ್ಸ್ ಒಂದರದೇ ಅಲ್ಲ, ತಂತಿ ಒಂದರದೇ ಅಲ್ಲ, ಅವೆರಡರ ಕೂಟದ್ದು. ನಮ್ಮ ‘ಐ.ಎಸ್. ೩೬೧೩’ ಎಂಬ ಮಾನಕವೂ ಪರೀಕ್ಷೆಯನ್ನು ವಿಧಿಸಿರುವುದು ತಂತಿ-ಫ್ಲಕ್ಸ್ ಜೋಡಿಗೇ. ಅದೇ ಫ್ಲಕ್ಸಿಗೆ ಬೇರೆ ತಂತಿಯನ್ನು ಕೂಡಿಸಿದರೆ ಹಳೆಯ ಹೆಸರು ಸಲ್ಲುವುದಿಲ್ಲ, ಹೊಸ ಪರೀಕ್ಷೆ ಆಗಬೇಕು. ಸಮಸ್ತಪದದಲ್ಲಿ ಒಂದು ಪದವನ್ನು ಬದಲಿಸಿ ಹಿಂದಿನ ಅರ್ಥವನ್ನೇ ನಿರೀಕ್ಷಿಸುವುದು ಎಷ್ಟು ಅನುಚಿತವೋ ಇದೂ ಅಷ್ಟೇ.

ಹೆಸರು ಸುಳ್ಳಾಗುವ ಬಗೆ

ಕಾರ್ಖಾನೆಯಿಂದ ಹೊರಟಾಗ ಅನ್ವರ್ಥವಾಗಿದ್ದ ಹೆಸರು ಕೊನೆಯವರೆಗೂ ಹಾಗೆಯೇ ಇರುವುದೆಂಬ ಭರವಸೆಯಿಲ್ಲ. ಪ್ರತ್ಯಾಮ್ಲೀಯ ಕಡ್ಡಿಯ ಪೊಟ್ಟಣವನ್ನು ಮಳೆಗಾಲದಲ್ಲಿ ತೆರೆದಿಟ್ಟರೆ ಲೇಪವು ಗಾಳಿಯ ತೇವವನ್ನು ಹೀರುತ್ತದೆ. ಆ ನೀರು ಚಾಪದಲ್ಲಿ ಒಡೆದು ಜಲಜನಕವಾಗಿ ಕರಗಿದ ಉಕ್ಕಿನೊಳಗೆ ಸೇರುತ್ತದೆ. ಬೆಸುಗೆ ಆರಿದಾಗ ಕಣ್ಣಿಗೆ ಏನೂ ಕಾಣುವುದಿಲ್ಲ. ಕೆಲವು ಗಂಟೆಗಳ, ಒಮ್ಮೊಮ್ಮೆ ದಿನಗಳ ಬಳಿಕ, ಪಕ್ಕದ ಗಡುಸಾದ ಉಕ್ಕಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ಪೊಟ್ಟಣದ ಮೇಲೆ ‘ಎಚ್೩’ ಎಂದು ಇನ್ನೂ ಇರುತ್ತದೆ. ಆದರೆ ಅದೀಗ ಅನ್ವರ್ಥನಾಮವಲ್ಲ, ಬರಿಯ ಅಂಕಿತನಾಮ.

ಇದಕ್ಕೆ ಪರಿಹಾರ ಸರಳ, ಆದರೆ ಶ್ರದ್ಧೆಯನ್ನು ಬೇಡುತ್ತದೆ. ಪ್ರತ್ಯಾಮ್ಲೀಯ ಕಡ್ಡಿಗಳನ್ನು ತಯಾರಕರ ಸೂಚನೆಯಂತೆ, ಸಾಮಾನ್ಯವಾಗಿ ೩೦೦ರಿಂದ ೩೫೦ ಡಿಗ್ರಿಗಳಲ್ಲಿ ಒಂದೆರಡು ಗಂಟೆ ಕಾಯಿಸಿ, ಬಳಸುವವರೆಗೂ ಬಿಸಿಯಾದ ಪೆಟ್ಟಿಗೆಯಲ್ಲಿಡಬೇಕು. ರೂಟೈಲ್ ಕಡ್ಡಿ ತೇವವಾಗಿದ್ದರೆ ೧೦೦ ಡಿಗ್ರಿಗಳ ಆಸುಪಾಸಿನಲ್ಲಿ ಒಣಗಿಸಿದರೆ ಸಾಕು. ಸೆಲ್ಯುಲೋಸ್ ಕಡ್ಡಿಯನ್ನಾದರೋ ಹಾಗೆ ಕಾಯಿಸಲೇಬಾರದು. ಅದರ ಲೇಪಕ್ಕೆ ಸ್ವಲ್ಪ ತೇವ ಇರಲೇಬೇಕು. ಅದು ಬತ್ತಿದರೆ ಕಡ್ಡಿಯ ಗುಣವೇ ಕೆಡುತ್ತದೆ. ಒಂದಕ್ಕೆ ಹಿತವಾದುದು ಇನ್ನೊಂದಕ್ಕೆ ಅಹಿತ. ವರ್ಗೀಕರಣದ ಪ್ರಯೋಜನವು ಇಲ್ಲಿ ಪ್ರತ್ಯಕ್ಷವಾಗುತ್ತದೆ. ತರಗತಿಯಲ್ಲಿ ನಲವತ್ತು ಮಕ್ಕಳನ್ನು ಎದುರಿಗಿಟ್ಟುಕೊಂಡ ಅಧ್ಯಾಪಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸಣ್ಣ ಬೆಸುಗೆಯೆಂಬ ಉಪೇಕ್ಷೆ ಎಲ್ಲಿಗೆ ಒಯ್ಯಬಲ್ಲುದೆಂಬುದಕ್ಕೆ ಒಂದು ದೃಷ್ಟಾಂತ ಸಾಕು. ೧೯೮೦ರ ಮಾರ್ಚ್ ೨೭ರಂದು ಉತ್ತರ ಸಮುದ್ರದಲ್ಲಿ ನಾರ್ವೆಯ ‘ಅಲೆಕ್ಸಾಂಡರ್ ಕೀಲಂಡ್’ ಎಂಬ ತೇಲುವ ವಸತಿ ವೇದಿಕೆಯು ಮಗುಚಿತು. ಅದರಲ್ಲಿದ್ದ ೨೧೨ ಜನರಲ್ಲಿ ೧೨೩ ಜನ ಮಡಿದರು. ವಿಚಾರಣೆಯಲ್ಲಿ ಕಂಡುಬಂದ ಮೂಲವಿದು: ವೇದಿಕೆಯ ಒಂದು ಆಧಾರದ ಕೊಳವೆಗೆ, ಶಬ್ದವನ್ನು ಗ್ರಹಿಸುವ ಉಪಕರಣವೊಂದನ್ನು ಕೂಡಿಸಲು ಸಣ್ಣ ಹಿಡಿಕೆಯನ್ನು ೬ ಮಿಲಿಮೀಟರಿನ ಬೆಸುಗೆಯಿಂದ ಜೋಡಿಸಿದ್ದರು. ಭಾರ ಹೊರುವ ಭಾಗವಲ್ಲವೆಂದು ಅದಕ್ಕೆ ಯಾರೂ ಮಹತ್ತ್ವ ಕೊಟ್ಟಿರಲಿಲ್ಲ. ಬೆಸುಗೆ ಕಳಪೆಯಾಗಿತ್ತು. ಬಿರುಕಿನೊಳಗೆ ಬಣ್ಣದ ಗುರುತು ಸಿಕ್ಕಿದ್ದರಿಂದ, ವೇದಿಕೆಯು ಕಟ್ಟೆಯನ್ನು ಬಿಡುವ ಮುನ್ನವೇ ಬಿರುಕು ಇತ್ತೆಂದು ತಿಳಿಯಿತು. ಅಲೆಗಳ ಹೊಡೆತಕ್ಕೆ ಅದು ಬೆಳೆಯುತ್ತ ಬೆಳೆಯುತ್ತ ಕೊಳವೆಯನ್ನೇ ಮುರಿಯಿತು. ಈ ದುರಂತದ ಹೊಣೆಯನ್ನು ಕಡ್ಡಿಯೊಂದರ ಮೇಲೆ ಹೊರಿಸುವುದು ನ್ಯಾಯವಲ್ಲ. ಬೆಸುಗೆಯಲ್ಲಿ ಉಪೇಕ್ಷಿಸಬಹುದಾದ ಸ್ಥಳವೆಂಬುದು ಇಲ್ಲ ಎಂಬುದೇ ಇದರ ಪಾಠ.

ನಮ್ಮ ಪಾಲಿನ ಕರ್ತವ್ಯ

ಬೆಸುಗೆಯ ಅಂತರಂಗವು ಹೊರಗಣ್ಣಿಗೆ ಕಾಣುವುದಿಲ್ಲ. ನಯವಾದ ಸಾಲಿನ ಕೆಳಗೆ ಟೊಳ್ಳಿರಬಹುದು. ಒರಟಾದ ಸಾಲಿನ ಕೆಳಗೆ ಸತ್ತ್ವವಿರಬಹುದು. ಆದ್ದರಿಂದಲೇ ಕಡ್ಡಿಯ ಹೆಸರನ್ನು ಓದುವುದೂ ಅದನ್ನು ನಿಜವಾಗಿ ಉಳಿಸಿಕೊಳ್ಳುವುದೂ ಮುಖ್ಯವಾಗುತ್ತದೆ.

ಮಠದ ಶಾಲೆಗಳಿಗೆ ದಾನಿಗಳ ಔದಾರ್ಯದಿಂದ ಸಭಾಂಗಣದ ಉಕ್ಕಿನ ಮಾಡು, ನೀರಿನ ತೊಟ್ಟಿಯ ಅಟ್ಟಳೆ, ಮಹಡಿಯ ಮೆಟ್ಟಿಲು ಮುಂತಾದುವು ಆಗುತ್ತಿರುತ್ತವೆ. ಅವುಗಳ ಕೆಳಗೆ ಮಕ್ಕಳು ಕುಳಿತುಕೊಳ್ಳುತ್ತಾರೆ. ಹಣ ಕೊಡುವವರೂ ಕೆಲಸ ಮಾಡಿಸುವವರೂ ಗುತ್ತಿಗೆದಾರರನ್ನು ಮೂರು ಮಾತು ಕೇಳುವುದು ಉಚಿತ. ಯಾವ ಹೆಸರಿನ ಕಡ್ಡಿಯನ್ನು ಬಳಸಬೇಕೆಂದು ಎಂಜಿನಿಯರರು ನಕ್ಷೆಯಲ್ಲಿ ಬರೆದುಕೊಟ್ಟಿದ್ದಾರೆಯೆ? ತಂದಿರುವ ಪೊಟ್ಟಣದ ಮೇಲೆ ಅದೇ ಹೆಸರೂ ಮಾನಕದ ಗುರುತೂ ಇವೆಯೆ? ತೆರೆದ ಪೊಟ್ಟಣವನ್ನು ರಾತ್ರಿ ಎಲ್ಲಿಡುತ್ತಾರೆ? ಈ ಮೂರಕ್ಕೆ ನೇರವಾದ ಉತ್ತರ ದೊರೆತರೆ ಕೆಲಸದ ಅರ್ಧ ಪರೀಕ್ಷೆ ಆದಂತೆಯೇ. ಹಳೆಯ ವಿದ್ಯಾರ್ಥಿಗಳಲ್ಲಿ ಈ ಕಾಯಕದಲ್ಲಿ ಪಳಗಿದವರು ಒಂದು ದಿನ ಶಾಲೆಗೆ 	ಬಂದು, ಮೇಲಿನ ತರಗತಿಯ ಮಕ್ಕಳಿಗೆ ಖಾಲಿ ಪೊಟ್ಟಣವೊಂದನ್ನು ತೋರಿಸಿ ಈ ಹೆಸರುಗಳನ್ನು ಓದಿಸಿದರೆ, ವ್ಯಾಕರಣದ ಪಾಠವೂ ವಿಜ್ಞಾನದ ಪಾಠವೂ ಒಟ್ಟಿಗೇ ಆಗುತ್ತವೆ.

ಬಿಸಿಲಿನಲ್ಲಿ ಕುಳಿತು, ಮುಖಕ್ಕೆ ಕಪ್ಪು ಗಾಜನ್ನು ಹಿಡಿದು, ಯಾರೂ ನೋಡದ ಮೂಲೆಯ ಬೆಸುಗೆಯನ್ನೂ ಒಣಗಿಸಿದ ಕಡ್ಡಿಯಿಂದಲೇ ಹಾಕುವ ಕೆಲಸಗಾರನು ಆ ಕಡ್ಡಿಯ ಹೆಸರನ್ನು ನಿಜ ಮಾಡುತ್ತಾನೆ, ತನ್ನ ಕಾಯಕದ ಹೆಸರನ್ನೂ ನಿಜ ಮಾಡುತ್ತಾನೆ. ಅಂಥವರು ನಮ್ಮ ಶಾಲೆಯಿಂದ ಇನ್ನೂ ಅನೇಕರು ಹೊರಬರಲಿ ಎಂದು ಹಾರೈಸುತ್ತ ವಿರಮಿಸುತ್ತೇವೆ.